ಗಾಜಿನ ರೆಕ್ಕೆ, ಹಿಡಿ ಮಣ್ಣು

ಶ್ರಾವಣದ ಬೆಳಿಗ್ಗೆ, ಏಳೂವರೆ ಗಂಟೆ. ರಾಯಚೂರಿನ ಲಿಂಗಸುಗೂರು ರಸ್ತೆಯಿಂದ ಒಳಕ್ಕೆ ತಿರುಗಿದ ಓಣಿಯಲ್ಲಿ, ಹಳೆಯ ಮನೆಯೊಂದರ ಅಂಗಳದಲ್ಲಿ ನಿಂತಿದ್ದೀರಿ. ರಾತ್ರಿ ಬಿದ್ದ ತುಂತುರಿಗೆ ಮಣ್ಣು ಇನ್ನೂ ತೇವವಾಗಿದೆ. ಓಣಿಯ ತುದಿಯ ಹೋಟೆಲಿನಲ್ಲಿ ಮಂಡಾಳು ಒಗ್ಗರಣಿಗೆ ಸಾಸಿವೆ ಸಿಡಿಯುತ್ತಿದೆ, ಮಿರ್ಚಿಯ ಬಾಣಲೆ ಕಾಯುತ್ತಿದೆ. ಕಾಂಪೌಂಡ್ ಗೋಡೆಯ ಉದ್ದಕ್ಕೂ ಕಾಶಿ ಕಣಗಿಲೆ, ಅದರ ಪಕ್ಕ ನರ್ಸರಿಯಿಂದ ತಂದ ಪೆಂಟಾಸ್, ಮೂಲೆಯಲ್ಲಿ ಆಳೆತ್ತರದ ಗಂಧರಾಜದ ಗಿಡ. ಬಿಸಿಲು ಗೋಡೆ ಹತ್ತಿ ಈಚೆ ಇಳಿದಿಲ್ಲ.

ಮೊದಲು ಅದು ಕಿವಿಗೆ ಬೀಳುತ್ತದೆ. ದುಂಬಿಯ ಒರಟು ಗುಂಯ್‌ಗುಡುವಿಕೆಯಲ್ಲ, ಅದಕ್ಕಿಂತ ಮೆತ್ತಗಿನ, ಒಂದೇ ಸಮನೆ ಎಳೆದ ಸದ್ದು. ತಿರುಗುವಷ್ಟರಲ್ಲಿ ಪೆಂಟಾಸ್ ಗೊಂಚಲಿನ ಎದುರು ಹೆಬ್ಬೆರಳಿಗಿಂತ ಚೂರು ಸಣ್ಣದಾದ ಹಸಿರು ಮೈಯೊಂದು ಗಾಳಿಯಲ್ಲೇ ನಿಂತಿದೆ. ಹೂವಿನ ಮೇಲೆ ಕೂತಿಲ್ಲ, ಕೂರುವ ಯೋಚನೆಯೂ ಅದಕ್ಕಿದ್ದಂತಿಲ್ಲ. ಒಂದು ಹೂವಿಗೆ ಸೊಂಡಿಲು ಚುಚ್ಚುತ್ತದೆ, ತೆಗೆಯುತ್ತದೆ, ಮೈ ತಿರುಗಿಸದೆ ಪಕ್ಕಕ್ಕೆ ಜಾರಿ ಮುಂದಿನ ಹೂವಿಗೆ ಹೋಗುತ್ತದೆ. ಒಂದು ಗೊಂಚಲಿನ ಹತ್ತಾರು ಹೂಗಳನ್ನು ಮುಗಿಸಲು ಅರ್ಧ ನಿಮಿಷವೂ ಬೇಡ.

ಕಾಲು ಅಲುಗಿಸದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡಿ. ನಿಮ್ಮನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಮೊಳದ ದೂರದಿಂದ ನೋಡಿ. ಬೆನ್ನಿನ ತುಂಬ ಹಳದಿ ಬೆರೆತ ಪಾಚಿ ಹಸಿರು ಕೂದಲು. ತಲೆಯ ಕೆಳಗೆ, ಎದೆಯ ಕಡೆ ಬಿಳಿ. ಹೊಟ್ಟೆಯ ನಡುವೆ ಇಟ್ಟಂಗಿ ಬಣ್ಣದ ಪಟ್ಟಿ, ಅದರ ಹಿಂದೆ ಮತ್ತೆ ಹಳದಿ ಹಸಿರು, ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು. ಗಾಳಿ ಬೀಸಿ ಗೊಂಚಲು ಓಲಾಡಿದಾಗ ಆ ಕುಚ್ಚು ಅಗಲವಾಗಿ ಬಿಚ್ಚಿಕೊಳ್ಳುತ್ತದೆ, ಮೈ ಹೂವಿನ ಜೊತೆಗೇ ಓಲಾಡುತ್ತದೆ. ಮೀಸೆಗಳು ಕಪ್ಪು, ಬುಡದಿಂದ ತುದಿಗೆ ದಪ್ಪವಾಗುತ್ತ ಹೋಗಿ ಕೊನೆಯಲ್ಲಿ ಸಣ್ಣ ಕೊಕ್ಕೆಯಾಗಿ ಬಾಗಿವೆ. ರೆಕ್ಕೆ ಎಲ್ಲಿ? ಇರುವ ಜಾಗದಲ್ಲಿ ಒಂದು ಮಬ್ಬು ಅಷ್ಟೇ. ಅದರ ಮೂಲಕ ಹಿಂದಿನ ಗೋಡೆಯ ಸುಣ್ಣದ ಬಿರುಕು ಕಾಣುತ್ತಿದೆ.

ಇಂಥದ್ದನ್ನು ಮೊಬೈಲಿನಲ್ಲಿ ಹಿಡಿದು ‘ನಮ್ಮೂರಿಗೆ ಹಮ್ಮಿಂಗ್ ಬರ್ಡ್ ಬಂದಿದೆ’ ಎಂದು ವಾಟ್ಸ್‌ಆ್ಯಪಿನಲ್ಲಿ ಕಳಿಸುವವರಿದ್ದಾರೆ. ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಇಲ್ಲಿ ಹೂವಿಗೆ ಬರುವ ಹಕ್ಕಿ ಸೂರಕ್ಕಿ. ಅದು ಬಹುಮಟ್ಟಿಗೆ ಕೊಂಬೆಗೆ ಕಾಲೂರಿಯೇ ಕುಡಿಯುತ್ತದೆ. ನಿಮ್ಮ ಮುಂದಿರುವುದು ಪತಂಗ. ಹಾಕ್ ಮಾತ್ ಎಂದು ಕರೆಯುವ ಸ್ಫಿಂಜಿಡೇ ಕುಟುಂಬದ್ದು. ವೈಜ್ಞಾನಿಕ ಹೆಸರು ಸೆಫೊನೋಡಿಸ್ ಹೈಲಾಸ್. ಲಿನೇಯಸ್ ಇದನ್ನು 1771ರಲ್ಲೇ ವಿವರಿಸಿದ. ಭಾರತ, ಶ್ರೀಲಂಕಾದಿಂದ ಹಿಡಿದು ಆಗ್ನೇಯ ಏಷ್ಯಾ, ಚೀನಾ, ಜಪಾನಿನವರೆಗೆ ಇದೆ. ಪತಂಗ ಎಂದರೆ ರಾತ್ರಿ ಟ್ಯೂಬ್‌ಲೈಟಿಗೆ ಬಂದು ಬಡಿದುಕೊಳ್ಳುವ ಜೀವ ಎಂದು ನಂಬಿದವರಿಗೆ ಇದು ಹಗಲಲ್ಲಿ ಬಂದು ಸಿಗುತ್ತದೆ. ಇದರದೇ ಕುಟುಂಬದ ಬೇರೆಯವರು ಇದೇ ಜಿಲ್ಲೆಯಲ್ಲಿ ರಾತ್ರಿ ದುಡಿಯುತ್ತಾರೆ: ಎಳ್ಳಿನ ಹೊಲದಲ್ಲಿ ಬೆಳೆಯುವ, ಬೆನ್ನ ಮೇಲೆ ತಲೆಬುರುಡೆಯ ಗುರುತಿರುವ ದೊಡ್ಡ ಪತಂಗ, ಕಣಗಿಲೆಯ ಎಲೆ ತಿಂದು ಬೆಳೆಯುವ ಹಸಿರು ಪತಂಗ. ಅವರೆಲ್ಲರ ರೆಕ್ಕೆ ತುಂಬ ಬಣ್ಣದ ಹುಡಿ. ಇದರದು ಬರಿ ಗಾಜು.

ಗಾಜು ಎಂದೆ, ಆದರೆ ಗಾಜು ಬಿಸಿಲಿಗೆ ಮಿಂಚುತ್ತದೆ, ಇದು ಮಿಂಚುವುದಿಲ್ಲ. ಬಿಸಿಲು ಈಗ ಗೋಡೆ ಇಳಿದು ಗಿಡಗಳ ತಲೆ ಮುಟ್ಟಿದೆ. ಪತಂಗ ಬಿಸಿಲಿಗೆ ಬಂದರೂ ರೆಕ್ಕೆಯಿಂದ ಒಂದು ಹೊಳಪೂ ಏಳುವುದಿಲ್ಲ. 1990ರ ದಶಕದಲ್ಲಿ ಜಪಾನಿನ ಸಂಶೋಧಕರು ಇದೇ ಜಾತಿಯ ರೆಕ್ಕೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ರೆಕ್ಕೆಯ ಎರಡೂ ಮೈ ಮೇಲೆ ಸಾಲುಗಟ್ಟಿದ ಗುಬುಟುಗಳು. ಎತ್ತರ, ಅಂತರ ಎರಡೂ ಸುಮಾರು 200ರಿಂದ 250 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 400ರಿಂದ 700 ನ್ಯಾನೋಮೀಟರ್. ಬೆಳಕಿನ ಅಲೆಗಿಂತ ಗುಬುಟು ಚಿಕ್ಕದಾದ್ದರಿಂದ ಬೆಳಕಿಗೆ ಗಾಳಿ ಎಲ್ಲಿ ಮುಗಿಯಿತು, ರೆಕ್ಕೆ ಎಲ್ಲಿ ಶುರುವಾಯಿತು ಎಂಬ ಗಡಿಯೇ ಸಿಗುವುದಿಲ್ಲ. ಹಿಂದಕ್ಕೆ ಪುಟಿಯದೆ ಅದು ಒಳಹೊಕ್ಕು ಆಚೆ ಹೋಗುತ್ತದೆ. ಆ ಗುಬುಟುಗಳನ್ನು ತೆಗೆದು ನೋಡಿದಾಗ ರೆಕ್ಕೆ ಹೊಳೆಯತೊಡಗಿತು. ಹೊಳೆದರೆ ಹಕ್ಕಿಯ ಕಣ್ಣಿಗೆ ಬಿತ್ತೆಂದೇ ಲೆಕ್ಕ. ಹಕ್ಕಿ ಕಂಡರೂ ಪಟ್ಟೆ ಹೊಟ್ಟೆ, ಗುಂಯ್ ಸದ್ದು, ಕಾಣದ ರೆಕ್ಕೆ ಎಲ್ಲ ಸೇರಿ ಇದೊಂದು ಕುಟುಕುವ ಹುಳ ಎಂದೇ ತೋರುತ್ತದೆ. ಕುಟುಕಲು ಇದರಲ್ಲಿ ಏನೂ ಇಲ್ಲ.

ಒಂಬತ್ತಾಯಿತು. ಪತಂಗ ಹೂವಿನ ಸಾಲು ಬಿಟ್ಟು ನೆರಳಿಗೆ ಹೋಗುತ್ತದೆ. ಹೀಗೆ ಒಂದೇ ಕಡೆ ನಿಂತು ಹಾರಲು ಎದೆಯ ಸ್ನಾಯು ಕಾದಿರಬೇಕು. ತಂಪು ಹೊತ್ತಿನಲ್ಲಿ ಹಾಕ್ ಮಾತ್‌ಗಳು ಹಾರುವ ಮುಂಚೆ ರೆಕ್ಕೆ ನಡುಗಿಸಿ ಎದೆ ಕಾಯಿಸಿಕೊಳ್ಳುತ್ತವೆ. ರಾಯಚೂರಿನಲ್ಲಿ ಕಷ್ಟ ಅದರ ತಿರುಗುಮುರುಗು. ಬೇಸಿಗೆಯಲ್ಲಿ 42-43 ಡಿಗ್ರಿ ಕಾಣುವ ಊರಿದು. ಬರ್ನ್ಡ್ ಹೈನ್ರಿಕ್ ಎಂಬ ವಿಜ್ಞಾನಿ 1970ರ ಹೊತ್ತಿಗೆ ಅಮೆರಿಕದ ತಂಬಾಕಿನ ಹಾಕ್ ಮಾತ್ ಮೇಲೆ ಪ್ರಯೋಗ ಮಾಡಿ ಒಂದು ಸಂಗತಿ ತೋರಿಸಿದ. ಎದೆ ಅತಿಯಾಗಿ ಕಾದಾಗ ಪತಂಗದ ಹೃದಯನಾಳ ರಕ್ತ ಹರಿಸಿ ಎದೆಯ ಕಾವನ್ನು ಹೊಟ್ಟೆಯ ಕಡೆ ಸಾಗಿಸುತ್ತದೆ. ಹೊಟ್ಟೆ ಆ ಕಾವನ್ನು ಹೊರಗೆ ಬಿಡುತ್ತದೆ. ನಾಳವನ್ನು ಕಟ್ಟಿಬಿಟ್ಟರೆ ಪತಂಗ ಕಾದುಹೋಗಿ ಹಾರಾಟ ನಿಲ್ಲಿಸುತ್ತಿತ್ತು. ಗಾಳಿಯೇ ಮೈಗಿಂತ ಬಿಸಿಯಾದ ಮಧ್ಯಾಹ್ನದಲ್ಲಿ ಈ ಉಪಾಯಕ್ಕೂ ಮಿತಿಯಿದೆ. ಹಾಗಾಗಿ ಈ ಊರಲ್ಲಿ ಅದನ್ನು ನೋಡಬೇಕೆಂದರೆ ಬೆಳಿಗ್ಗೆ ಬನ್ನಿ, ಇಲ್ಲವೇ ಹೊತ್ತು ಇಳಿದ ಮೇಲೆ ಬನ್ನಿ.

ಹೊರಡಬೇಡಿ, ಗಂಧರಾಜದ ಕಡೆ ನೋಡಿ. ಪತಂಗ ಮತ್ತೆ ಬಂದಿದೆ, ಈ ಸಲ ಹೂವಿಗಲ್ಲ. ಗಿಡದ ಸುತ್ತ ಒಂದು ಸುತ್ತು ಹಾಕಿ, ಕೊಂಬೆಯ ತುದಿಯ ಎಳೆ ಎಲೆಯೊಂದರ ಹತ್ತಿರ ನಿಂತು, ಹೊಟ್ಟೆಯನ್ನು ಮುಂದಕ್ಕೆ ಬಾಗಿಸಿ ಎಲೆಯ ಅಡಿಗೆ ತಾಗಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಇನ್ನೊಂದು ಕೊಂಬೆ, ಇನ್ನೊಂದು ಎಲೆ. ಇದು ಹೆಣ್ಣು. ಅದು ಹೋದ ಮೇಲೆ ಎಲೆ ಮಗುಚಿ: ನಯವಾದ, ದುಂಡಗಿನ, ತಿಳಿ ಹಸಿರು ಮೊಟ್ಟೆ ಒಂದೇ ಒಂದು, ಒಂದು ಮಿಲಿಮೀಟರ್ ಆಸುಪಾಸಿನದು. ಎಲೆಗೆ ಒಂದರಂತೆ ಹಂಚಿ ಇಡುವುದರಲ್ಲಿ ಅರ್ಥವಿದೆ. ಮುಂದೆ ಬೆರಳುದ್ದ ಬೆಳೆಯುವ ಹುಳುವಿಗೆ ಒಂದು ಕೊಂಬೆ ಪೂರ್ತಿ ಬೇಕು.

ಗಂಧರಾಜವೇ ಯಾಕೆ ಎಂದರೆ, ಅದು ಕಾಫಿ ಕುಟುಂಬದ ಗಿಡ. ಈ ಹುಳುವಿನ ಬಾಯಿಗೆ ಹಿಡಿಸುವುದು ಬಹುಪಾಲು ಆ ಕುಟುಂಬದ ಎಲೆಗಳೇ. ಚಿಕ್ಕಮಗಳೂರು, ಕೊಡಗಿನಲ್ಲಾದರೆ ಕಾಫಿಯೇ ಇದೆ. ಕಾಫಿಯನ್ನು ಲೋಟದಲ್ಲಿ ಮಾತ್ರ ಕಂಡ ಈ ಬಿಸಿಲು ಸೀಮೆಯಲ್ಲಿ ಆ ಕುಟುಂಬವನ್ನು ಗುಡ್ಡಗಳಲ್ಲಿ ಹುಡುಕಬೇಕು.

ಅದಕ್ಕೇ ದೇವದುರ್ಗದ ದಾರಿ. ಕಲ್ಮಲಾ ದಾಟಿ ಗಬ್ಬೂರಿನ ಕಡೆ ಬಸ್ಸು ಓಡುವಾಗ ಎರಡೂ ಬದಿಗೆ ಹತ್ತಿ, ತೊಗರಿ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ. ನಡುನಡುವೆ ಬಂಡೆಗಳು ಒಂದರ ಮೇಲೊಂದು ಕೂತ ಗುಡ್ಡಗಳು. ನೇಗಿಲು ಹತ್ತಲಾರದ ಆ ಗುಡ್ಡಗಳೇ ಈ ಭಾಗದ ಹಳೆಯ ಗಿಡಗಂಟಿಗಳನ್ನು ಉಳಿಸಿವೆ. ಇಳಿದು ನಡೆಯಿರಿ. ಕಲ್ಲಿನ ಸಂದಿಯಲ್ಲಿ ಮುಳ್ಳಿನ ಕಾರೆಗಿಡ; ಆಯುರ್ವೇದದವರು ವಾಂತಿ ಮಾಡಿಸಲು ಬಳಸುವ ಮದನಫಲ ಇದರದೇ ಕಾಯಿ. ಇನ್ನೂ ಮೇಲೆ ಬಿಕ್ಕೆ ಗಿಡ, ಮೊಗ್ಗಿನ ತುದಿಯಲ್ಲಿ ಹಳದಿ ಅಂಟು. ಬಿಕ್ಕೆ ಎಂದರೆ ಗುಡ್ಡದ ಗಂಧರಾಜವೇ. ಎರಡೂ ಕಾಫಿಯ ಬಂಧುಗಳು.

ಗಿಡದ ಮೇಲೆ ಹುಳ ಹುಡುಕಿದರೆ ಸಿಗುವುದಿಲ್ಲ. ನೆಲ ನೋಡಿ. ಕಾರೆಯ ಬುಡದ ಚಪ್ಪಟೆ ಕಲ್ಲಿನ ಮೇಲೆ ಮೆಣಸಿನ ಕಾಳಿನಷ್ಟು ದಪ್ಪದ ಕರಿ ಹಸಿರು ಹಿಕ್ಕೆಗಳು ಬಿದ್ದಿವೆ. ಕೈಗೆತ್ತಿಕೊಂಡರೆ ಉದ್ದುದ್ದಕ್ಕೆ ಗೀರು ಕೊರೆದಿರುವುದು ಕಾಣುತ್ತದೆ. ಇನ್ನೂ ಮೆತ್ತಗಿದೆ, ಅಂದರೆ ಇವತ್ತಿನದು. ಅಲ್ಲಿಂದ ನೇರ ಮೇಲಕ್ಕೆ ಕಣ್ಣು ಹಾಯಿಸಿ. ಎಲೆ ಅರ್ಧಕ್ಕೆ ಕತ್ತರಿಸಿ ಹೋದ ಕೊಂಬೆ ಯಾವುದು? ಅದರ ಅಡಿಗೆ?

ಕುರಿ ಕಾಯುವ ಹುಡುಗನೊಬ್ಬ ಬಂಡೆಯ ಮೇಲಿಂದ ನಿಮ್ಮನ್ನು ಆಗಿನಿಂದ ನೋಡುತ್ತಿದ್ದಾನೆ.

“ಏನ್ ಕಳಕೊಂಡೀರಿ ಸರ್ರ?”

“ಹುಳ ಹುಡುಕಾಕತ್ತೀನಪ್ಪ.”

“ಹುಳಾನ? ನಮ್ ಹತ್ತಿ ಹೊಲದಾಗ ಬೇಕಾದಷ್ಟ ಅದಾವ ಬರ್ರಿ.”

ಅವನು ಇಳಿದು ಬಂದು ಎರಡು ಕೊಂಬೆ ಸರಿಸಿ, ಮೂರನೆಯದಕ್ಕೆ ಬೆರಳು ತೋರಿಸಿ ನಿಲ್ಲುತ್ತಾನೆ. ನೀವು ನೋಡುತ್ತಿದ್ದ ಕೊಂಬೆಯೇ ಅದು. ಅಲ್ಲಿದ್ದದ್ದು ಎಲೆ ಎಂದುಕೊಂಡಿದ್ದಿರಿ.

ಆರು ಸೆಂಟಿಮೀಟರಿನಷ್ಟು ಉದ್ದದ ಹುಳ ಎಲೆಯ ಅಡಿಗೆ ತಲೆಕೆಳಗಾಗಿ ನಡುನರಕ್ಕೆ ಅಂಟಿಕೊಂಡಿದೆ. ಮೈ ಎಲೆಯ ಹಸಿರು. ಬೆನ್ನಿನ ಎರಡೂ ಬದಿಗೆ ತಲೆಯಿಂದ ಬಾಲದವರೆಗೆ ಓಡುವ ಬಿಳಿ ಗೆರೆ. ಪಕ್ಕೆಯಲ್ಲಿ ಸಾಲಾಗಿ ಉಸಿರಾಟದ ರಂಧ್ರಗಳು, ಒಂದೊಂದರ ಸುತ್ತ ಕೆಂಪು. ತಲೆಯ ಹಿಂದೆಯೇ ಹರಳು ಹರಳಾದ ಒರಟು ಪಟ್ಟಿ. ಹಿಂದಿನ ತುದಿಯಲ್ಲಿ ಸ್ವಲ್ಪ ಬಾಗಿದ ಒಂದು ಕೊಂಬು. ಈ ಕೊಂಬನ್ನು ಕಂಡೇ ಜನ ಹೆದರುತ್ತಾರೆ; ಅದು ಚುಚ್ಚುವುದಿಲ್ಲ, ಅದರಲ್ಲಿ ವಿಷವೂ ಇಲ್ಲ, ಮೈಮೇಲೆ ತುರಿಕೆಯ ಕೂದಲೂ ಇಲ್ಲ. ಬೆರಳು ತಾಗಿಸಿದರೆ ಮುಂಭಾಗವನ್ನು ಮೇಲಕ್ಕೆತ್ತಿ ತಲೆಯನ್ನು ಎದೆಗೆ ಅವುಚಿಕೊಂಡು ಅಲುಗದೆ ನಿಲ್ಲುತ್ತದೆ. ಇನ್ನೂ ಕೆಣಕಿದರೆ ತಲೆಯನ್ನು ಆಚೀಚೆ ಬೀಸಿ ಬಾಯಿಂದ ಹಸಿರು ರಸ ಕಾರುತ್ತದೆ. ಕೆಣಕಬೇಡಿ. ತಿಂದದ್ದನ್ನು ಕಾರಿಕೊಳ್ಳುವುದು ಅದಕ್ಕೆ ನಷ್ಟವೇ.

ಈ ಜಾತಿಯ ಎಲ್ಲ ಹುಳುಗಳೂ ಹಸಿರಲ್ಲ. ಮೈಯೆಲ್ಲ ಕಪ್ಪಾಗುವವೂ ಇವೆ. ಮೊದಲ ಸಲ ನೋಡಿದವರು ಬೇರೆಯೇ ಹುಳ ಎಂದುಕೊಳ್ಳುತ್ತಾರೆ.

ಈ ವಿವರಗಳನ್ನು ಒಟ್ಟು ಹಾಕಿದವರಲ್ಲಿ ಮುಖ್ಯರಾದ ಒಬ್ಬರು ಕರ್ನಾಟಕದಲ್ಲೇ ಬದುಕಿದವರು. ಅರಣ್ಯ ಇಲಾಖೆಯ ಅಧಿಕಾರಿಯಾಗಿದ್ದ ಟಿ.ಆರ್. ಬೆಲ್ ಕಾರವಾರದಲ್ಲಿ ನೆಲೆಸಿ, ನಿವೃತ್ತಿಯ ನಂತರವೂ ಅಲ್ಲೇ ಉಳಿದು, 1948ರಲ್ಲಿ ಅಲ್ಲೇ ತೀರಿಕೊಂಡರು. ಕಾಡಿನಿಂದ ಹುಳುಗಳನ್ನು ತಂದು ಸಾಕುವುದು, ಯಾವುದು ಯಾವ ಎಲೆ ತಿನ್ನುತ್ತದೆ, ಯಾವಾಗ ಪೊರೆ ಬಿಡುತ್ತದೆ ಎಂದು ಬರೆದಿಡುವುದು ಅವರ ಬದುಕಿನ ದೊಡ್ಡ ಕೆಲಸವಾಗಿತ್ತು. ಎಫ್.ಬಿ. ಸ್ಕಾಟ್ ಜೊತೆ ಸೇರಿ ಅವರು ಬರೆದ, ಭಾರತದ ಹಾಕ್ ಮಾತ್‌ಗಳ ಸಂಪುಟ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲಿಕೆಯಲ್ಲಿ 1937ರಲ್ಲಿ ಬಂತು. ಇಂದಿಗೂ ಈ ಕುಟುಂಬದ ಬಗ್ಗೆ ತಿಳಿಯಬೇಕಾದವರು ಆ ಪುಸ್ತಕ ತೆರೆಯಲೇಬೇಕು. ಸತ್ತ ಪತಂಗಕ್ಕೆ ಗುಂಡುಸೂಜಿ ಚುಚ್ಚಿಟ್ಟು ರೆಕ್ಕೆಯಷ್ಟನ್ನೇ ವಿವರಿಸುವ ಕಾಲದಲ್ಲಿ, ಹುಳುವನ್ನು ಸಾಕಿ ಬದುಕನ್ನು ವಿವರಿಸಿದ ಬೆಲ್ ನನಗೆ ತುಂಬ ದೊಡ್ಡವರಾಗಿ ಕಾಣುತ್ತಾರೆ.

ಹುಳ ಈಗ ತಿನ್ನತೊಡಗಿದೆ. ಮುಂಗಾಲುಗಳಿಂದ ಎಲೆಯ ಅಂಚು ಹಿಡಿದು, ತಲೆಯನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ, ಮತ್ತೆ ಮೇಲಕ್ಕೆ ಹೋಗಿ ಇಳಿಸುತ್ತ. ಕಿವಿಗೊಟ್ಟರೆ ಕರಕರ ಸದ್ದು ಕೇಳುತ್ತದೆ. ಮೂರು ನಾಲ್ಕು ದಿನಕ್ಕೆ ಮೊಟ್ಟೆಯೊಡೆದು ಬಂದಾಗ ಇದು ಕೆಲವೇ ಮಿಲಿಮೀಟರ್ ಉದ್ದದ, ಮೈಗೆ ಹೋಲಿಸಿದರೆ ಉದ್ದನೆಯ ಕೊಂಬಿನ ತೆಳ್ಳನೆ ಜೀವ. ಆಗ ಎಲೆಯ ಅಡಿಯಿಂದ ಸಣ್ಣ ಸಣ್ಣ ತೂತು ಕೊರೆಯುವುದಷ್ಟೇ ಅದಕ್ಕೆ ಸಾಧ್ಯ. ಚರ್ಮ ಬಿಗಿಯಾದಾಗಲೆಲ್ಲ ಒಂದು ದಿನ ಉಣ್ಣದೆ ಕೂತು, ಹಳೆಯದನ್ನು ಕಳಚಿ ಹೊಸದರಲ್ಲಿ ಹೊರಬರುತ್ತದೆ. ಹೀಗೆ ನಾಲ್ಕು ಸಲ. ಕೊನೆಯ ಚರ್ಮದಲ್ಲಿರುವಾಗ ತಿನ್ನುವಷ್ಟು ಎಲೆಯನ್ನು ಅದಕ್ಕೆ ಮುಂಚಿನ ಎಲ್ಲ ದಿನ ಸೇರಿದರೂ ತಿಂದಿರುವುದಿಲ್ಲ. ಒಟ್ಟು ಸುಮಾರು ಮೂರು ವಾರ. ಬಿಸಿಲಿದ್ದರೆ ಬೇಗ, ಚಳಿಯಾದರೆ ತಡ.

ಮೂರು ವಾರ ಬದುಕುಳಿಯುವುದು ಸಣ್ಣ ಮಾತಲ್ಲ. ಪಕ್ಕದ ಕೊಂಬೆಯಲ್ಲಿರುವ ಇನ್ನೊಂದನ್ನು ನೋಡಿ. ತಲೆಯ ಹಿಂದೆ ನಾಲ್ಕೈದು ಬಿಳಿ ಚುಕ್ಕೆ. ಅದು ಬಣ್ಣವಲ್ಲ, ಟ್ಯಾಕಿನಿಡ್ ಎಂಬ ನೊಣ ಅಂಟಿಸಿ ಹೋದ ಮೊಟ್ಟೆಗಳು. ಅವುಗಳ ಮರಿಗಳು ಚರ್ಮ ಕೊರೆದು ಒಳಗಿಳಿದು ಹುಳುವನ್ನು ಒಳಗಿನಿಂದ ತಿನ್ನುತ್ತವೆ. ಈ ಹುಳ ಈಗಲೂ ಎಲೆ ತಿನ್ನುತ್ತಿದೆ. ಅದು ಉಣ್ಣುವುದು ನೊಣದ ಮಕ್ಕಳಿಗಾಗಿ. ಕೆಂಬೂತ, ಓತಿಕ್ಯಾತ, ಇರುವೆ, ಮೊಟ್ಟೆಯ ಒಳಗೇ ಮೊಟ್ಟೆಯಿಡುವ ಕಣಜ, ಎಲ್ಲಕ್ಕೂ ಇದು ಊಟವೇ. ಈ ಎಲ್ಲರ ಕೈಯಿಂದ ಪಾರಾದ ಕೆಲವೇ ಹುಳುಗಳು ಪತಂಗವಾಗುತ್ತವೆ. ಗಂಧರಾಜದ ಗಿಡಕ್ಕೆ ನಾಲ್ಕು ಹುಳ ಬಿದ್ದ ಕೂಡಲೇ ಗಿಡ ಹೋಯಿತೆಂದು ಪಂಪು ಹೊರತೆಗೆಯುವವರು ಇಷ್ಟನ್ನು ತಿಳಿದರೆ ಸಾಕು. ಎಲೆ ಹದಿನೈದು ದಿನದಲ್ಲಿ ಮತ್ತೆ ಚಿಗುರುತ್ತದೆ.

ಹುಡುಗ ಕುರಿಗಳ ಹಿಂದೆ ಹೋದ. ಹೋಗುವ ಮುಂಚೆ ಇನ್ನೂ ಎರಡು ಹುಳ ತೋರಿಸಿದ. ನಿಮಗೆ ಒಂದೂ ತಾನಾಗಿ ಕಂಡಿರಲಿಲ್ಲ.

ಹುಳುವಿನ ಮುಂದಿನ ಕತೆಗೆ ಇನ್ನು ಮಾನ್ವಿ. ರಾಯಚೂರಿನಿಂದ ಕಲ್ಲೂರು, ನೀರಮಾನ್ವಿ ಹಾದು ಬರುವಾಗ ಹಸಿರಿನ ಬಣ್ಣವೇ ಬೇರೆ: ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಹಸಿರು. ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂಬುದೇ ಈ ತಾಲ್ಲೂಕಿನ ಪ್ರತಿ ಹಂಗಾಮಿನ ಮಾತು. ಊರೊಳಗೆ, ಹೊಸದಾಗಿ ಕಟ್ಟಿಸಿದ ಮನೆಯೊಂದರ ಮುಂದೆ ಅಜ್ಜಿಯೊಬ್ಬರು ಕೂತಿದ್ದಾರೆ.

“ಬರ್ರಿ ಒಳಗ. ಚಾ ಕುಡದ ನೋಡೀರಂತ, ಅದೆಲ್ಲಿ ಹೊಕ್ಕತಿ.”

ನೀವು ನೋಡಲು ಬಂದದ್ದು ಒಂದು ಹಳೆಯ ಪೇಂಟ್ ಡಬ್ಬಿ. ಅರ್ಧ ಮಟ್ಟ ಮಣ್ಣು, ಮೇಲೆ ಒಣಗಿದ ಎಲೆ, ಓರೆಯಾಗಿ ಚುಚ್ಚಿದ ಎರಡು ಕಡ್ಡಿ, ಬಾಯಿಗೆ ಸೊಳ್ಳೆಪರದೆಯ ತುಂಡು. ಎಂಟನೇ ಕ್ಲಾಸಿನ ಮೊಮ್ಮಗಳು ಇದರ ಕಾವಲುಗಾರ್ತಿ. ಎರಡು ವಾರದ ಹಿಂದೆ ಅಂಗಳದ ಟೈಲ್ಸ್ ಮೇಲೆ ದಪ್ಪ ಹುಳ ಒಂದು ಅತ್ತಿಂದಿತ್ತ ಓಡಾಡುತ್ತಿತ್ತಂತೆ. ಹಸಿರಿನಲ್ಲಿದ್ದ ಮೈ ಬೆನ್ನಿನಿಂದ ಕಂದು ನೇರಳೆಗೆ ತಿರುಗಿತ್ತು. ಎಲೆ ಕೊಟ್ಟರೆ ಮೂಸಲೂ ಇಲ್ಲ. ಗೋಡೆಯ ಬುಡ ಹಿಡಿದು ಹೋಗುವುದು, ಮೂಲೆ ಬಂದರೆ ತಿರುಗುವುದು, ಮತ್ತೆ ಹೋಗುವುದು. ಇರುವೆಗಳು ಆಗಲೇ ಸುತ್ತ ಸೇರಿದ್ದವು.

ಅದು ಮಣ್ಣು ಹುಡುಕುತ್ತಿತ್ತು. ತಿನ್ನುವ ಕಾಲ ಮುಗಿದ ಹುಳ ಗಿಡದಿಂದ ಇಳಿದು, ಒಣ ಎಲೆಯ ಅಡಿಯಲ್ಲೋ ಮೇಲ್ಮಣ್ಣಿನ ಒಂದೆರಡು ಬೆರಳು ಆಳದಲ್ಲೋ ಗೂಡು ಮಾಡಿಕೊಂಡು, ತೆಳುವಾಗಿ ರೇಷ್ಮೆ ಹಾಸಿ ಕೋಶವಾಗಬೇಕು. ಈ ಮನೆಯಲ್ಲಿ ಗಂಧರಾಜ ಇರುವುದು ಸಿಮೆಂಟ್ ಕುಂಡದಲ್ಲಿ. ಕುಂಡದಿಂದ ಇಳಿದರೆ ಟೈಲ್ಸ್, ಟೈಲ್ಸ್ ದಾಟಿದರೆ ಕಾಂಕ್ರೀಟ್ ರಸ್ತೆ, ರಸ್ತೆಯ ಆಚೆ ಮುಚ್ಚಿದ ಚರಂಡಿ. ರಾಯಚೂರಿನಲ್ಲೂ, ದೇವದುರ್ಗದಲ್ಲೂ, ಇಲ್ಲೂ ಹೊಸ ಮನೆಗಳ ಅಂಗಳ ಹೀಗೇ ಆಗುತ್ತಿದೆ. ಹೂವಿನ ಗಿಡ ಬೇಕು, ಕುಂಡ ಬೇಕು. ಮಣ್ಣು ಮಾತ್ರ ಕಾಲಿಗೆ ಹತ್ತುತ್ತದೆ ಎಂದು ಬೇಡ. ಗಾಜಿನ ರೆಕ್ಕೆಯ ಈ ಪತಂಗಕ್ಕೆ ಊರುಗಳಲ್ಲಿ ಎಲೆಯ ಬರವಿಲ್ಲ, ಹೂವಿನ ಬರವೂ ಇಲ್ಲ. ಅದು ಸೋಲುವುದು ಮಣ್ಣಿಗೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಗಿಡ ನೆಡಿ ಎಂದು ಎಲ್ಲರೂ ಹೇಳುತ್ತಾರೆ; ಗಿಡದ ಬುಡ ಬಿಟ್ಟುಕೊಡಿ ಎಂದು ಹೇಳುವವರು ಕಡಿಮೆ.

ಹುಡುಗಿ ಮಾಡಿದ್ದು ಸರಿಯಾದ ಕೆಲಸ. ಡಬ್ಬಿಗೆ ಬರೀ ಕರಿಮಣ್ಣು ಹಾಕಲಿಲ್ಲ. ಕರಿಮಣ್ಣು ನೆಂದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕಲ್ಲಾಗಿ ಬಿರಿಯುತ್ತದೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಅರ್ಧ ಮರಳು ಬೆರೆಸಿದ್ದಾಳೆ. ಹುಳ ಮಣ್ಣಿಗೆ ಇಳಿದದ್ದೇ ತಡ, ಒಂದು ಗಳಿಗೆಯಲ್ಲಿ ಕಾಣೆಯಾಯಿತಂತೆ. ಒಳಗೆ ಅದು ಕೊನೆಯ ಚರ್ಮ ಕಳಚಿ ಕಂದು ಬಣ್ಣದ ನುಣುಪು ಕೋಶವಾಯಿತು. ಆ ಕೋಶದಲ್ಲಿ ಹುಳುವಿನ ಹಳೆಯ ಅಂಗಗಳಲ್ಲಿ ಹೆಚ್ಚಿನವು ಕರಗಿ, ಮರಿಯಾಗಿದ್ದಾಗಿನಿಂದಲೂ ಮೈಯೊಳಗೆ ಸುಮ್ಮನೆ ಕೂತಿದ್ದ ಜೀವಕೋಶಗಳ ಪುಟ್ಟ ಗುಂಪುಗಳು ಬೆಳೆದು ರೆಕ್ಕೆ, ಕಾಲು, ಮೀಸೆ, ಸೊಂಡಿಲು ಆಗುತ್ತವೆ. ಎಲೆ ಕತ್ತರಿಸುವ ದವಡೆಯಿದ್ದ ಬಾಯಿ ಮಕರಂದ ಹೀರುವ ಕೊಳವೆಯಾಗುತ್ತದೆ.

ಚಹಾ ಲೋಟ ಇನ್ನೂ ಕೈಯಲ್ಲಿದೆ. “ಬಂತು, ಬಂತು” ಎಂದು ಹುಡುಗಿ ಕೂಗುತ್ತಾಳೆ.

ಒಣ ಎಲೆ ಸರಿದು ಒದ್ದೆ ತಲೆಯೊಂದು ಮೇಲೆ ಬರುತ್ತದೆ. ಹಿಂದೆಯೇ ಎದೆ, ಕಾಲು. ಮೈ ಎಳೆದುಕೊಂಡು ಕಡ್ಡಿಯ ಹತ್ತಿರ ಬಂದು, ಹತ್ತಿ, ಬೆನ್ನು ಕೆಳಗಾಗುವಂತೆ ತೂಗಿಕೊಳ್ಳುತ್ತದೆ. ರೆಕ್ಕೆ ಇರಬೇಕಾದ ಕಡೆ ನಾಲ್ಕು ಮುದುಡಿದ ಚೂರುಗಳು. ಕಡ್ಡಿ ಯಾಕೆ ಬೇಕಿತ್ತು ಎಂಬುದು ಈಗ ತಿಳಿಯುತ್ತದೆ. ಮೈಯ ರಕ್ತ ರೆಕ್ಕೆಯ ನರಗಳಿಗೆ ನುಗ್ಗುತ್ತಿದ್ದಂತೆ ಆ ಚೂರುಗಳು ಕೆಳಮುಖವಾಗಿ ಬಿಚ್ಚುತ್ತ ಹೋಗಬೇಕು; ತೂಗಲು ಜಾಗ ಸಿಗದಿದ್ದರೆ ಸೊಟ್ಟಗೆ ಒಣಗಿ ಪತಂಗ ಎಂದೂ ಹಾರದು. ಯಾರೂ ಮಾತಾಡುತ್ತಿಲ್ಲ. ರೆಕ್ಕೆ ಬೆರಳಗಲ ಆಯಿತು, ಇನ್ನೂ ಉದ್ದವಾಯಿತು, ಸುಕ್ಕು ಹೋಯಿತು. ಹಿಂಬದಿಯಿಂದ ಒಂದು ಹನಿ ಕೊಳಕು ನೀರು ಬಿತ್ತು. ಕೋಶದಲ್ಲಿ ಕೂಡಿಟ್ಟ ಕಸ ಅದು.

ಆದರೆ ಅಜ್ಜಿಗೆ ಸಮಾಧಾನವಿಲ್ಲ. “ಇದು ಆ ಹುಳ ಅಲ್ಲ ಬಿಡ್ರಿ. ಇದರ ರೆಕ್ಕಿ ಕಾಣಾಕತ್ತೈತಿ.”

ಅವರು ಹೇಳಿದ್ದು ನಿಜ. ರೆಕ್ಕೆ ಗಾಜಿನದಲ್ಲ. ಬೂದು ಬಣ್ಣದ್ದು. ಆಚೆಯ ಕಡ್ಡಿ ಅದರ ಮೂಲಕ ಕಾಣುತ್ತಿಲ್ಲ. ಎಲ್ಲ ಪತಂಗಗಳಿಗೂ ಇರುವ ಹುಡಿ ಇದಕ್ಕೂ ಇದೆ, ರೆಕ್ಕೆಗಳ ತುಂಬ ಇದೆ.

ತಾಳಿ. ಡಬ್ಬಿಯ ಪರದೆ ತೆಗೆದು, ಕೆಳಗೆ ಒಂದು ಹಳೆಯ ದಿನಪತ್ರಿಕೆ ಹಾಸಿ. ರೆಕ್ಕೆ ಒಣಗಿ ಗಟ್ಟಿಯಾಗುವವರೆಗೆ ಏನೂ ಆಗುವುದಿಲ್ಲ. ಅಜ್ಜಿ ಎದ್ದು ಅನ್ನಕ್ಕೆ ಇಟ್ಟು ಬರುತ್ತಾರೆ. ಬಿಸಿಲು ಬಾಗಿಲ ಒಳಗೆ ಬರುತ್ತದೆ. ಆಗ ಪತಂಗ ನಡುಗತೊಡಗುತ್ತದೆ. ಮೊದಲು ಮೈ, ಆಮೇಲೆ ರೆಕ್ಕೆ. ಸಣ್ಣದಾಗಿ, ಒಂದೇ ಸಮ, ಜೋರಾಗುತ್ತ. ಎದೆ ಕಾಯುತ್ತಿದೆ. ರೆಕ್ಕೆಯ ಸುತ್ತ ಬಿಸಿಲಿನಲ್ಲಿ ಏನೋ ಏಳುತ್ತದೆ. ಧೂಳು. ಬೆಳ್ಳಗಿನ ಸಣ್ಣ ಧೂಳು ಎರಡೂ ಬದಿಗೆ ಎದ್ದು ಚದುರುತ್ತದೆ, ಗಾಳಿಗೆ ಹುಡುಗಿಯ ಕೂದಲ ಮೇಲೆ ಕೂರುತ್ತದೆ. ಬೂದು ರೆಕ್ಕೆಯಲ್ಲಿ ಅಲ್ಲಲ್ಲಿ ತೂತು ಬಿದ್ದಂತೆ ಬಾಗಿಲ ಆಚೆಯ ರಸ್ತೆ ಕಾಣುತ್ತದೆ. ತೂತುಗಳು ಒಂದಕ್ಕೊಂದು ಸೇರುತ್ತವೆ. ಕಡ್ಡಿ ಬಿಟ್ಟು ಏಳುತ್ತದೆ, ಕೋಣೆಯ ನಡುವೆ ನಿಲ್ಲುತ್ತದೆ, ಕೊನೆಯ ಹುಡಿಯೂ ಅಲ್ಲೇ ಉದುರುತ್ತದೆ. ಈಗ ರೆಕ್ಕೆ ಇಲ್ಲ, ಮಬ್ಬು ಮಾತ್ರ. ಬಾಗಿಲು ದಾಟಿ, ಕಾಂಪೌಂಡ್ ಹಾರಿ, ಹೋಯಿತು.

ಪತ್ರಿಕೆಯ ಮೇಲೆ ಬೆರಳಿಟ್ಟು ನೋಡಿ, ಬೂದು ಅಂಟುತ್ತದೆ. ಒಂದೊಂದು ಕಣವೂ ಒಂದೊಂದು ಹುರುಪೆ, ಒಂದೊಂದಕ್ಕೂ ಸಣ್ಣ ತೊಟ್ಟು. ಬೇರೆ ಪತಂಗಗಳಲ್ಲಿ ಆ ತೊಟ್ಟು ರೆಕ್ಕೆಯ ಗೂಡಿನಲ್ಲಿ ಭದ್ರವಾಗಿ ಕೂತಿರುತ್ತದೆ, ಇಲ್ಲಿ ಸಡಿಲ. ಹಿಮಾಲಯದ ಕಡೆ ಸಿಗುವ ಹೆಮಾರಿಸ್ ಎಂಬ ಗಾಜು ರೆಕ್ಕೆಯ ಪತಂಗವೂ ಹೀಗೆ ಹುಡಿ ಉದುರಿಸುತ್ತದೆ, ಆದರೆ ಅಂಚಿನ ಕಂದು ಪಟ್ಟಿಯನ್ನು ಉಳಿಸಿಕೊಳ್ಳುತ್ತದೆ. ನಮ್ಮದು ಹೆಚ್ಚುಕಡಿಮೆ ಎಲ್ಲವನ್ನೂ ಕೊಡವುತ್ತದೆ. ಕೋಶದೊಳಗೆ ಅಷ್ಟು ಶ್ರಮಪಟ್ಟು ಸಾವಿರಾರು ಹುರುಪೆ ಹೆಣೆದು, ಮೊದಲ ಹಾರಾಟದಲ್ಲೇ ಚೆಲ್ಲಿಬಿಡುವುದೇಕೆ ಎಂದು ಹುಡುಗಿ ಕೇಳುತ್ತಾಳೆ. ಪತಂಗವೆಂದರೆ ಹುಡಿ ರೆಕ್ಕೆಯ ಕುಲ. ರೆಕ್ಕೆ ಕಟ್ಟುವ ಆ ಹಳೆಯ ಕ್ರಮವನ್ನು ಇದು ಬಿಟ್ಟಿಲ್ಲ, ತೊಟ್ಟನ್ನು ಮಾತ್ರ ಸಡಿಲಿಸಿಕೊಂಡಿದೆ. ಅವಳಿಗೆ ಹೇಳಬಹುದಾದದ್ದು ಇಷ್ಟು. ಕೇಳಿದ ಪ್ರಶ್ನೆ ಮಾತ್ರ ಒಳ್ಳೆಯದು.

ಅಜ್ಜಿ ಕುಂಡದ ಗಂಧರಾಜದ ಕಡೆ ನೋಡುತ್ತಿದ್ದಾರೆ.

“ಮೊದ್ಲ ನಾ ಇದಕ್ಕ ಹತ್ತಿಗೆ ಹೊಡ್ಯೂ ಎಣ್ಣಿನ ಹೊಡೀತಿದ್ದೆ. ಎಲಿ ತಿಂತಾವಂತ.”

“ಈಗ?”

“ಈಗ ಈಕಿ ಬಿಡಂಗಿಲ್ಲ.”

ಡಬ್ಬಿಯಲ್ಲಿ ಇನ್ನೊಂದು ಕೋಶವಿದೆ. ಆ ಹುಳ ಇದಕ್ಕಿಂತ ನಾಲ್ಕು ದಿನ ತಡವಾಗಿ ಮಣ್ಣಿಗಿಳಿದದ್ದು. ಮಣ್ಣು ಒಣಗದಂತೆ ದಿನಕ್ಕೊಮ್ಮೆ ನೀರು ಚಿಮುಕಿಸಬೇಕು, ತೊಯ್ಯಿಸಬಾರದು. ಕಡ್ಡಿ ಅಲುಗದಂತೆ ಚುಚ್ಚಿರಬೇಕು. ಇರುವೆ ಹತ್ತದಂತೆ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿಡಬೇಕು. ಇದನ್ನೆಲ್ಲ ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಕುಂಡದ ಪಕ್ಕದ ಎರಡು ಟೈಲ್ಸ್ ಕಿತ್ತರೆ ಅಪ್ಪ ಬೈಯುತ್ತಾರೋ ಇಲ್ಲವೋ ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಹಿತ್ತಲಿಗೆ ಹೋಗಿ ಕುರುಪಿ ತಂದರು.